ಬೈದಷ್ಟೂ ಮಗ ಮೊಬೈಲಿಗೇ ಅಂಟಿಕೊಳ್ಳುವುದೇಕೆ?

ಪ್ರಶ್ನೆ: ನಮ್ಮದು ಮಲೆನಾಡಿನ ಕವಲೇದುರ್ಗದ ಹತ್ತಿರದ ಹಳ್ಳಿ. ‘ನೀನು ಯಾವುದಕ್ಕೂ ಪ್ರಯೋಜನವಿಲ್ಲ’ ಎಂದು ಎಷ್ಟು ಬೈದರೂ ಎಂಟನೇ ಕ್ಲಾಸಿನ ಮಗ ಮೊಬೈಲ್ ಬಿಡುವುದಿಲ್ಲ. ಏಕೆ?

ಉತ್ತರ: ಆ ಮಾತೇ ಒಂದು ಕಾರಣವಾಗಿರಬಹುದು. ಎಂದೋ ಒಮ್ಮೆ ಗದರುವುದು ಬೇರೆ. ದಿನವೂ ಹೀಯಾಳಿಸುವುದು, ಬೇರೆ ಮಕ್ಕಳೊಂದಿಗೆ ಹೋಲಿಸುವುದು, ವಾರಗಟ್ಟಲೆ ಮಾತು ಬಿಡುವುದು ಬಾಸುಂಡೆ ಮೂಡಿಸದ ಹಿಂಸೆ. ಇಂಥದ್ದನ್ನು ಅನುಭವಿಸಿದ ಮಕ್ಕಳಲ್ಲಿ ಇಂಟರ್ನೆಟ್ ಗೀಳು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಮನೆಯಲ್ಲಿ ಸಿಗದ ಶಹಬ್ಬಾಸ್‌ಗಿರಿ ಮೊಬೈಲ್ ಆಟದ ಪ್ರತಿ ಹಂತದಲ್ಲೂ ಸಿಗುತ್ತದೆ; ಸೋತರೆ ಯಾರೂ ಮೂದಲಿಸುವುದಿಲ್ಲ. ಗೀಳು ಬೆಳೆದಂತೆ ಬೈಗುಳವೂ ಬೆಳೆಯುತ್ತದೆ, ಹುಡುಗ ಇನ್ನಷ್ಟು ಒಳಸರಿಯುತ್ತಾನೆ. ತೋಟದ ನಡುವಿನ ಒಂಟಿಮನೆ, ಬಿಡದ ಮಳೆ, ಆಡಲು ಜೊತೆಯಿಲ್ಲದಿರುವುದು, ಇವನ್ನೂ ಮರೆಯಬೇಡಿ.

ಹಾಗೆಂದು ಅವನಿಗೆ ರೋಗಿಯ ಪಟ್ಟ ಕಟ್ಟಬೇಡಿ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಪ್ರಕಾರ, ಆಟದ ಗೀಳನ್ನು ಕಾಯಿಲೆ ಎನ್ನಲು ಸಾಮಾನ್ಯವಾಗಿ 12 ತಿಂಗಳಾದರೂ ಹಿಡಿತ ತಪ್ಪಿ, ಓದು, ಮನೆಯ ಬದುಕು ಕೆಟ್ಟಿರಬೇಕು. ಮೊಬೈಲ್ ಕಸಿಯುವ ಮೊದಲು ಹೀಯಾಳಿಸುವ ಆ ಮಾತನ್ನು ನಿಲ್ಲಿಸಿ. ಅವನು ಆಡುವ ಆಟವನ್ನು ಪಕ್ಕದಲ್ಲಿ ಕೂತು ನೋಡಿ, ಕೇಳಿ. ಸುಧಾರಿಸದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.