ಹೊಂಡ ದೊಡ್ಡದು ಮಾಡಲು ಎಷ್ಟು ಖರ್ಚು?



ನಿಮ್ಮ ದೇಣಿಗೆ ಎಲ್ಲೆಲ್ಲಿ ವಿನಿಯೋಗವಾಯಿತು ಎಂಬುದನ್ನು ಪ್ರತಿ ವರ್ಷ ಈ ಸಂಚಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆಯುತ್ತಿದ್ದೆವು. ಈ ಬಾರಿ ಒಂದೇ ಒಂದು ಕೆಲಸದ ಲೆಕ್ಕವನ್ನು ಬಿಡಿಸಿ ಹೇಳೋಣ ಎನಿಸಿದೆ. ಆ ಲೆಕ್ಕ ಕಲಿಯಲು ನಮಗೇ ಮೂರು ತಿಂಗಳು ಹಿಡಿಯಿತು. ಮೇಲಾಗಿ ನಿಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಜಮೀನಿದೆ. ಅಣ್ಣನೋ ಚಿಕ್ಕಪ್ಪನೋ "ಹೊಂಡ ದೊಡ್ಡದು ಮಾಡಿಸ್ಬೇಕು, ಒಂದಿಷ್ಟು ದುಡ್ಡು ಕಳ್ಸು" ಎಂದು ಫೋನ್ ಮಾಡುವುದೂ ಉಂಟು. ಆಗ ಎಷ್ಟು ಕಳಿಸಬೇಕು?

ನಮಗೆ ಬಂದ ಅರ್ಜಿ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನದು. ನಾಲ್ಕು ಎಕರೆ ಜಮೀನಿನ ದಂಪತಿ. ಎರಡು ಎಕರೆಯಲ್ಲಿ ಕಡಲೆಕಾಯಿ, ಒಂದರಲ್ಲಿ ಮಾವಿನ ಸಸಿ, ಉಳಿದದ್ದರಲ್ಲಿ ರಾಗಿ. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯ ಕಾಲದಲ್ಲಿ ತೋಡಿಸಿದ ಒಂದು ಕೃಷಿ ಹೊಂಡ ಅವರ ಜಮೀನಿನಲ್ಲಿದೆ: ಬಾಯಿ 21 ಮೀಟರ್ ಉದ್ದ, 21 ಮೀಟರ್ ಅಗಲ, ಆಳ 3 ಮೀಟರ್. ತಳಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಬಿಸಿಲಿಗೂ ಮೇಕೆಗಳ ಗೊರಸಿಗೂ ಸಿಕ್ಕಿ ಹರಿದಿದೆ. ಎರಡು ಬೇಸಿಗೆ ಮಾವಿನ ಸಸಿಗಳಿಗೆ ಟ್ಯಾಂಕರ್ ನೀರು ಕೊಂಡು ಹಾಕಿದ್ದಾರೆ. ಹೊಂಡವನ್ನು 30 ಮೀಟರ್ ಚೌಕಕ್ಕೆ ಹಿಗ್ಗಿಸಬೇಕೆಂಬುದು ಅವರ ಕೋರಿಕೆ. ಜೊತೆಗಿದ್ದ ಗುತ್ತಿಗೆದಾರರ ಅಂದಾಜು ಪಟ್ಟಿಯಲ್ಲಿ ಇದ್ದದ್ದು ಎರಡೇ ಸಾಲು. ಅಗೆತ 30×30×3, ಅಂದರೆ 2,700 ಘನ ಮೀಟರ್, ಘನ ಮೀಟರಿಗೆ 100 ರೂಪಾಯಿಯಂತೆ 2,70,000. ಹೊಸ ಹಾಳೆಗೆ 1,30,000. ಒಟ್ಟು ನಾಲ್ಕು ಲಕ್ಷ.

ನಮ್ಮ ಸಮಿತಿಯಲ್ಲಿ ಇದಕ್ಕೆ ಇನ್ನೇನು ಸಹಿ ಬೀಳಬೇಕು, ಅಷ್ಟರಲ್ಲಿ ಸಿವಿಲ್ ಎಂಜಿನಿಯರ್ ಆಗಿರುವ ಸದಸ್ಯರೊಬ್ಬರು ಕೇಳಿದರು: "ಇರೋ ಹೊಂಡಾನ ಯಾಕ್ರೀ ಮತ್ತೆ ಅಗೀತಾರೆ?"

ಹೌದಲ್ಲ! ಪಟ್ಟಿಯಲ್ಲಿ ಹಳೆಯ ಹೊಂಡದ ಖಾಲಿ ಜಾಗವನ್ನೂ ಅಗೆಯುವ ಲೆಕ್ಕಕ್ಕೆ ಸೇರಿಸಿದ್ದರು. ಇನ್ನೂ ಒಂದು ತಪ್ಪಿತ್ತು. ಹೊಂಡವೆಂದರೆ ಡಬ್ಬಿಯಲ್ಲ; ಅದರ ಪಕ್ಕಗಳು ನೇರವಾಗಿ ಇಳಿಯುವುದಿಲ್ಲ. ನೇರವಾಗಿ ಕಡಿದರೆ ಮೊದಲ ಮಳೆಗೇ ಕುಸಿಯುತ್ತವೆ. ಆದ್ದರಿಂದ ಒಂದು ಮೀಟರ್ ಕೆಳಗೆ ಹೋದಂತೆಲ್ಲ ಒಂದೂವರೆ ಮೀಟರ್ ಒಳಗೆ ಬರುವಂತೆ ಇಳಿಜಾರು ಬಿಡುತ್ತಾರೆ. ಬಾಯಿ 30 ಮೀಟರ್ ಇದ್ದು ಆಳ 3 ಮೀಟರ್ ಇದ್ದರೆ ತಳ 21 ಮೀಟರ್ ಮಾತ್ರ ಉಳಿಯುತ್ತದೆ.

ಇಂಥ ಹೊಂಡದ ಗಾತ್ರ ಲೆಕ್ಕ ಹಾಕುವ ವಿಧಾನ ಅಮೆರಿಕದ ಕೃಷಿ ಇಲಾಖೆ 1982ರಲ್ಲಿ ಹೊರತಂದು 1997ರಲ್ಲಿ ಪರಿಷ್ಕರಿಸಿದ 590ನೇ ಸಂಖ್ಯೆಯ ಕೈಪಿಡಿಯಲ್ಲಿ ಚೆನ್ನಾಗಿದೆ. ಹೈಸ್ಕೂಲಿನ ಮಕ್ಕಳೂ ಮಾಡಬಹುದು. ಬಾಯಿಯ ವಿಸ್ತೀರ್ಣ, ತಳದ ವಿಸ್ತೀರ್ಣ, ನಡುಮಟ್ಟದ ವಿಸ್ತೀರ್ಣದ ನಾಲ್ಕರಷ್ಟು, ಈ ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿ, ಆಳದಿಂದ ಗುಣಿಸಬೇಕು. ಹಾಗೆ ಮಾಡಿದಾಗ ಈಗಿರುವ ಹೊಂಡ 837 ಘನ ಮೀಟರ್ ಎಂದು ಬಂತು. 30 ಮೀಟರಿನದು 1,971. ವ್ಯತ್ಯಾಸ 1,134. ಪಟ್ಟಿಯಲ್ಲಿದ್ದ 2,700ರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಗಾಳಿ!

ಇದನ್ನು ಮೋಸವೆಂದು ಹೇಳಲು ನಮಗೆ ಮನಸ್ಸಿಲ್ಲ. ಏಕೆಂದರೆ ಅದೇ ಪಟ್ಟಿಯಲ್ಲಿ ಬಿಟ್ಟುಹೋದದ್ದೂ ಬಹಳವಿತ್ತು. ಮಣ್ಣು ಸಾಗಿಸುವುದಿಲ್ಲ, ಕೋಡಿಯಿಲ್ಲ, ಬೇಲಿಯಿಲ್ಲ. ಹೆಚ್ಚು ಬರೆದದ್ದೂ ಬಿಟ್ಟದ್ದೂ ಒಂದನ್ನೊಂದು ಮುಚ್ಚಿಕೊಂಡು ಒಟ್ಟು ಮೊತ್ತ ಮಾತ್ರ ಸರಿಯೇನೋ ಎಂಬಂತೆ ಕಾಣುತ್ತಿತ್ತು. ಇಂಥ ಪಟ್ಟಿಗಳೇ ಅಪಾಯ.

ಮಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಣ ಹೋಗುವುದು ಅಲ್ಲಿ. ಅಗೆಯುವುದು ಅಗ್ಗ, ಹೊರುವುದು ದುಬಾರಿ. ಗರಸು ಬೆರೆತ ಕೆಂಪು ಮಣ್ಣಿನಲ್ಲಿ ಜೆಸಿಬಿ ಗಂಟೆಗೆ ಸುಮಾರು 25 ಘನ ಮೀಟರ್ ತೆಗೆಯುತ್ತದೆ ಎಂದೂ, ಬಾಡಿಗೆ ಗಂಟೆಗೆ 1,200 ರೂಪಾಯಿ ಎಂದೂ ಹಿಡಿದೆವು. 1,134 ಘನ ಮೀಟರಿಗೆ 45 ಗಂಟೆ, 54,000 ರೂಪಾಯಿ. ಆದರೆ ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ನೆಲದಲ್ಲಿದ್ದಾಗಿನ ನಾಲ್ಕು ಪಾಲು ಹೊರಗೆ ಬಂದಾಗ ಐದು ಪಾಲು. ಟ್ರ್ಯಾಕ್ಟರ್ ಟ್ರೈಲರಿಗೆ ನೂರು ಘನ ಅಡಿ, ಅಂದರೆ 2.8 ಘನ ಮೀಟರ್ ಹಿಡಿದರೆ ಐನೂರು ಲೋಡು! ಹತ್ತಿರಕ್ಕೇ ಸಾಗಿಸಿದರೂ ಲೋಡಿಗೆ 300 ರೂಪಾಯಿಯಂತೆ ಒಂದೂವರೆ ಲಕ್ಷ. (ಈ ದರಗಳೆಲ್ಲ ಆ ಊರಿನಲ್ಲಿ ಕೇಳಿ ಹಾಕಿದ್ದು. ನಿಮ್ಮೂರಿನದು ಬೇರೆ ಇರುತ್ತದೆ, ಕೇಳಿ ತಿಳಿದುಕೊಳ್ಳಿ.)

"ಸಾಗಿಸೋದು ಯಾಕೆ, ದಡದ ಮೇಲೇ ಸುರಿದ್ರಾಯ್ತು" ಎನ್ನುವವರಿದ್ದಾರೆ. ನಾವೂ ಹಾಗೆಂದವರೇ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗ ಜಿಲ್ಲೆಯ ಒಂದು ಜಮೀನಿನಲ್ಲಿ ಹೊಂಡಕ್ಕೆ ಹಣ ಕೊಟ್ಟೆವು. ಅಗೆದು ಮುಗಿಯುವಷ್ಟರಲ್ಲಿ ಹಣವೂ ಮುಗಿಯಿತು. ಮಣ್ಣು ದಡದಲ್ಲೇ ಗುಡ್ಡೆಯಾಗಿ ನಿಂತಿತು. ಮುಂಗಾರಿನಲ್ಲಿ ಅದರ ಒಂದು ಪಾಲು ಮತ್ತೆ ಹೊಂಡಕ್ಕೇ ಇಳಿಯಿತು. ಹಾಳೆ ಹಾಸಲು ಕಾಸಿರಲಿಲ್ಲ. ತುಂಬಿದ ನೀರು ಹದಿನೈದು ದಿನದಲ್ಲಿ ಇಂಗಿತು. ಅದೇ ವರ್ಷ ಪಕ್ಕದ ಮನೆಯ ಕರು ಅದರಲ್ಲಿ ಬಿದ್ದು ಕಾಲು ಮುರಿದುಕೊಂಡಿತು. ಆ ಹೊಂಡದ ಚಿತ್ರವನ್ನು ಆ ವರ್ಷದ ಸಂಚಿಕೆಯಲ್ಲಿ ನಾವು ಅಚ್ಚು ಹಾಕಿಸಲಿಲ್ಲ, ನೀವೂ ಕೇಳಲಿಲ್ಲ.

ಸಮಿತಿಯಲ್ಲಿ ಎದ್ದ ಮತ್ತೊಂದು ಪ್ರಶ್ನೆ: ಅಗಲ ಮಾಡುವ ಬದಲು ಆಳ ಮಾಡಿದರೆ ಜಮೀನು ಉಳಿಯುವುದಿಲ್ಲವೇ? ಒಳ್ಳೆಯ ಪ್ರಶ್ನೆಯೇ. 30 ಮೀಟರ್ ಚೌಕದ ಹೊಂಡಕ್ಕೆ ಒಂಬತ್ತು ಗುಂಟೆ ಬೇಕು, ಸುತ್ತಲಿನ ಏರಿ ದಾರಿಗಳು ಬೇರೆ. ಆದರೆ ಇಳಿಜಾರಿನ ಲೆಕ್ಕ ಇಲ್ಲಿಯೂ ಕಾಡುತ್ತದೆ. 21 ಮೀಟರ್ ಬಾಯಿಯನ್ನು ಹಾಗೇ ಇಟ್ಟು ಆಳವನ್ನು 3ರಿಂದ 5 ಮೀಟರಿಗೆ ಇಳಿಸಿದರೆ ತಳ ಬರೀ 6 ಮೀಟರ್ ಉಳಿಯುತ್ತದೆ. ಒಟ್ಟು ಗಾತ್ರ 1,005 ಘನ ಮೀಟರ್. ಎರಡು ಮೀಟರ್ ಆಳ ತೋಡಿ ಸಿಗುವ ಲಾಭ 168 ಘನ ಮೀಟರ್ ಅಷ್ಟೇ. ಕೆಳಗೆ ಬಂಡೆ ಸಿಕ್ಕಿದರಂತೂ ಬ್ರೇಕರ್ ತರಿಸಬೇಕು. ಗಂಟೆಯ ದರ ಏರುತ್ತದೆ, ಕೆಲಸ ಇಳಿಯುತ್ತದೆ. ಆದ್ದರಿಂದ ಎಸ್ಟಿಮೇಟ್ ಬರೆಯುವ ಮೊದಲೇ ಮೂರು ಕಡೆ ಪರೀಕ್ಷೆಯ ಗುಂಡಿ ತೋಡಿಸಿ ನೋಡಿ. ಜೆಸಿಬಿಗೆ ಅದು ಒಂದೆರಡು ಗಂಟೆಯ ಕೆಲಸ. ಇಲ್ಲಿ ಎರಡೂವರೆ ಮೀಟರಿಗೆ ಗಟ್ಟಿ ಗರಸು ಸಿಕ್ಕಿತು, ಬಂಡೆ ಇರಲಿಲ್ಲ.

ಇಷ್ಟೆಲ್ಲ ಆದಮೇಲೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ನೆನಪಾಯಿತು. ಹೊಂಡ ದೊಡ್ಡದಾದರೆ ಅದು ತುಂಬುತ್ತದೆಯೇ? ವರ್ಷಕ್ಕೆ 600 ಮಿಲಿಮೀಟರ್ ಮಳೆ, ಅದರಲ್ಲಿ ಹತ್ತನೆಯ ಒಂದು ಪಾಲು ನೆಲದ ಮೇಲೆ ಹರಿದು ಹೊಂಡಕ್ಕೆ ಬರುತ್ತದೆ ಎಂದುಕೊಂಡರೆ, ಎಕರೆಗೆ ಸುಮಾರು 243 ಘನ ಮೀಟರ್ ನೀರು. ಈ ಹೊಂಡದತ್ತ ಇಳಿಜಾರಿರುವ ನೆಲ ಪಕ್ಕದವರದ್ದೂ ಸೇರಿ ಐದು ಎಕರೆ. ಅಲ್ಲಿಗೆ 1,200 ಘನ ಮೀಟರ್ ಚಿಲ್ಲರೆ. 1,971ರ ಹೊಂಡ ಒಂದೇ ಸಲಕ್ಕೆ ತುಂಬುವ ವರ್ಷ ಅಪರೂಪವಾಗಿಬಿಡುತ್ತದೆ. ಬಾಯಿ ಅಗಲವಾದಷ್ಟೂ ಆವಿಯಾಗುವುದೂ ಹೆಚ್ಚು. ಬೇಸಿಗೆಯಲ್ಲಿ ದಿನಕ್ಕೆ ಆರೇಳು ಮಿಲಿಮೀಟರಿನಂತೆ ನೂರು ದಿನಕ್ಕೆ ಮೊಣಕಾಲೆತ್ತರ ದಾಟಿದ ನೀರು ಆಕಾಶದ ಪಾಲು.

ಹೀಗಾಗಿ 25 ಮೀಟರ್ ಚೌಕಕ್ಕೆ ಒಪ್ಪಿಸಿದೆವು. ಅದರ ಗಾತ್ರ 1,281 ಘನ ಮೀಟರ್, ಅಂದರೆ ಹನ್ನೆರಡು ಲಕ್ಷದ ಎಂಬತ್ತು ಸಾವಿರ ಲೀಟರ್. ಹೊಸದಾಗಿ ಅಗೆಯಬೇಕಾದದ್ದು 444 ಘನ ಮೀಟರ್ ಮಾತ್ರ. ಕಡಲೆಕಾಯಿ ಹೂವಾಗಿ ಊಡು ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದು ಎಕರೆಗೆ ಒಂದು ಸಲ ನೀರು ಹಾಯಿಸಲು ಸುಮಾರು 200 ಘನ ಮೀಟರ್ ಬೇಕು. ಹೆಚ್ಚಿದ ಈ ನೀರು ಅವರ ಎರಡು ಎಕರೆಗೆ ಒಂದು ಸಲದ ನೀರು.

ಹೊಸ ಲೆಕ್ಕ ಹೀಗಿದೆ. ಅಗೆತ 18 ಗಂಟೆ, 21,600 ರೂಪಾಯಿ. ಮಣ್ಣು 200 ಲೋಡು, 60,000. ಹಾಳೆಯ ಅಳತೆಯನ್ನು ಬಾಯಿಯಿಂದ ತೆಗೆಯಬಾರದು; ಇಳಿಜಾರಿನ ಉದ್ದವನ್ನೂ, ದಡದಲ್ಲಿ ಹೂಳಲು ಸುತ್ತ ಒಂದು ಮೀಟರನ್ನೂ ಸೇರಿಸಿ 29 ಮೀಟರ್ ಚೌಕ, 841 ಚದರ ಮೀಟರ್; 110ರ ದರದಲ್ಲಿ 92,510. ಕೋಡಿಗೂ, ನೀರು ಒಳಬರುವಲ್ಲಿ ಹೂಳು ನಿಲ್ಲುವ ಗುಂಡಿಗೂ 25,000. ಇಳಿಜಾರು ಹದ ಮಾಡಿ ಕಲ್ಲು ಬೇರು ಆರಿಸುವ ಕೂಲಿ 20,000. ಸುತ್ತ 116 ಮೀಟರ್ ತಂತಿ ಬೇಲಿಗೆ 69,600. ಎಲ್ಲಕ್ಕೂ ಹತ್ತು ಶೇಕಡಾ ಅನಿರೀಕ್ಷಿತ ವೆಚ್ಚ ಸೇರಿಸಿದರೆ ಸುಮಾರು 3,18,000. ನಮ್ಮ ಲೆಕ್ಕದಲ್ಲಿ ಮೂರೂವರೆಯಿಂದ ನಾಲ್ಕು ಸಾವಿರ ಡಾಲರ್. ರೈತರು ಮೊದಲು ಕೇಳಿದ್ದ ಗಾತ್ರಕ್ಕೇ ಎಲ್ಲ ಬಾಬತ್ತುಗಳನ್ನೂ ಬರೆದಿದ್ದರೆ ಐದು ಲಕ್ಷ ದಾಟುತ್ತಿತ್ತು. ನಾಲ್ಕು ಲಕ್ಷ ಕೊಟ್ಟಿದ್ದರೆ ಚಿತ್ರದುರ್ಗದ ಕಥೆಯೇ ಮತ್ತೆ.

ಹಿಗ್ಗಿಸದೆ ಹರಿದ ಹಾಳೆಯನ್ನಷ್ಟೇ ಬದಲಿಸಿದ್ದರೆ 70,000ಕ್ಕೆ ಮುಗಿಯುತ್ತಿತ್ತು ಎಂದು ಸಮಿತಿಯ ಇಬ್ಬರು ಇಂದಿಗೂ ಹೇಳುತ್ತಾರೆ. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ 837 ಘನ ಮೀಟರಿನಲ್ಲಿ ಆವಿ ಕಳೆದು ಉಳಿಯುವುದು ಕಡಲೆಕಾಯಿಗೂ ಮಾವಿಗೂ ಸಾಲದು. ಮುಂದೆ ಹಿಗ್ಗಿಸಬೇಕೆಂದಾಗ ಆ ಹಾಳೆ ದಂಡ. ಬಹುಮತ ಹಿಗ್ಗಿಸುವ ಕಡೆಗಿತ್ತು.

ಖಾಸಗಿ ಜಮೀನಿಗೆ ಸಾರ್ವಜನಿಕರ ದೇಣಿಗೆ ಏಕೆ ಎಂದು ನೀವು ಕೇಳುವುದು ನ್ಯಾಯವೇ. ಸುತ್ತಲಿನ ಮೂರು ಮನೆಗಳ ದನಕರುಗಳಿಗೆ ನೀರು ಕೊಡುವುದಾಗಿ ಅವರು ಬರೆದುಕೊಟ್ಟಿದ್ದಾರೆ. ಬೇಲಿಯ ಹೊರಗೊಂದು ತೊಟ್ಟಿ ಅವರೇ ಕಟ್ಟಿಸುತ್ತಾರೆ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರಿಂದ ಎಲ್ಲರ ಒಪ್ಪಿಗೆ ಪಡೆದೆವು. ಬದುವಿನ ತಕರಾರು ಬರದಂತೆ ಹದ್ದುಬಸ್ತು ಮಾಡಿಸಿದ್ದೂ ಆಯಿತು. ನೀವು ಸ್ವಂತಕ್ಕೆ ಮಾಡಿಸುವುದಾದರೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನ ಇದೆಯೇ ಎಂದು ವಿಚಾರಿಸಿ.

ಕೊನೆಗೆ ಬೇಲಿಯ ವಿಚಾರ. ಹಣ ಉಳಿಸಲು ಅದನ್ನೇ ಬಿಡೋಣ ಎಂಬ ಮಾತು ಬಂದಿತ್ತು. ರೈತರೂ ಫೋನಿನಲ್ಲಿ "ಹೊಂಡ ಆಗ್ಲಿ ಸಾರ್, ಬೇಲಿ ಆಮೇಲೆ ನೋಡ್ಕೊಳ್ಳಾಣ" ಎಂದರು. ಹಿಂದಿನಿಂದ ಅವರ ಮನೆಯಾಕೆಯ ದನಿ ಕೇಳಿಸಿತು: "ಇಲ್ಲ ಸಾರ್, ಮೊದ್ಲು ಬೇಲಿ ಹಾಕ್ಸಿ. ಅಂಗನವಾಡಿ ಮಕ್ಳು ದಿನಾ ಇದೇ ದಾರೀಲಿ ಬರೋದು." ಹಾಳೆ ಹಾಸಿದ ಹೊಂಡದ ಪಕ್ಕ ಪಾಚಿ ಕಟ್ಟಿದ ಗಾಜಿನಂತೆ ಜಾರುತ್ತದೆ. ಈಜು ಬಲ್ಲ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ನೀವೂ ಊರಿನ ಪತ್ರಿಕೆಗಳಲ್ಲಿ ಓದಿರುತ್ತೀರಿ.

ಆದ್ದರಿಂದ ಈ ವರ್ಷದ ದೇಣಿಗೆ ಪತ್ರದಲ್ಲಿ ಬೇಲಿಗೆ ಪ್ರತ್ಯೇಕ ಸಾಲು ಇಟ್ಟಿದ್ದೇವೆ. ಮೀಟರಿಗೆ 600 ರೂಪಾಯಿ, ಒಟ್ಟು 116 ಮೀಟರ್. ಒಂದು ಮನೆಯವರು ಐದು ಮೀಟರ್ ಹಿಡಿದರೂ ಸಂತೋಷ. ಹೊಂಡದ ಒಳಗಿನಿಂದ ಹತ್ತಿ ಬರಲು ನಾಲ್ಕು ಬದಿಗೂ ಗಂಟು ಹಾಕಿದ ಹಗ್ಗ ಇಳಿಬಿಡಬೇಕೆಂದು ಗುತ್ತಿಗೆದಾರರಿಗೆ ಹೇಳಿದ್ದೇವೆ. ಆ ಹಗ್ಗದ ಹಣ ನಮ್ಮ ಸಮಿತಿಯ ಕಾಫಿ ಖರ್ಚಿನಿಂದ.