‘108 ಮೆಗಾಪಿಕ್ಸೆಲ್ ಮೊಬೈಲ್ ಇದ್ದರೆ ಮದುವೆ ಫೋಟೋಗೆ ಸಾಕು’: ಈ ಮಾತು ಎಷ್ಟು ನಿಜ?

“ಮೊಬೈಲ್‌ನಲ್ಲೇ 108 ಮೆಗಾಪಿಕ್ಸೆಲ್ ಇದೆ, ದೊಡ್ಡ ಕ್ಯಾಮೆರಾದಲ್ಲಿ ಬರೀ 24. ಇನ್ನು ಅದು ಯಾಕೆ?”

“ಫೋಟೋಗ್ರಾಫರ್‌ಗೆ ಕೊಡೋ ದುಡ್ಡಲ್ಲಿ ಒಂದು ಕ್ಯಾಮೆರಾನೇ ಬರುತ್ತೆ. ನಮ್ಮ ಹುಡುಗನೇ ತೆಗೀತಾನೆ ಬಿಡಿ.”

ಮದುವೆ ಸೀಸನ್ ಬಂತೆಂದರೆ ಮನೆಯ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳು ಓಡಾಡುತ್ತವೆ. ಎರಡರಲ್ಲೂ ಸ್ವಲ್ಪ ನಿಜವಿದೆ, ಸ್ವಲ್ಪ ತಪ್ಪಿದೆ. ಆ ತಪ್ಪಿಗೆ ಬೆಲೆ ತೆರಬೇಕಾದವರು ಮಾತ್ರ ಮದುಮಕ್ಕಳು. ಗಟ್ಟಿಮೇಳ ಮೊಳಗಿ ನಿಲ್ಲುವಷ್ಟರಲ್ಲಿ ಮಾಂಗಲ್ಯಧಾರಣೆ ಮುಗಿದಿರುತ್ತದೆ. “ಇನ್ನೊಂದ್ಸಲ ಕಟ್ಟಿ, ಫೋಟೋ ಸರಿ ಬಂದಿಲ್ಲ” ಎಂದು ಹೇಳುವಂತಿಲ್ಲ.

ಅಕ್ಕನ ಮದುವೆಗೋ ಗೆಳೆಯನ ಮದುವೆಗೋ ಫೋಟೋ ತೆಗೆಯಲು ಒಪ್ಪಿಕೊಂಡು, ಕಡಿಮೆ ದುಡ್ಡಿನಲ್ಲಿ ಕ್ಯಾಮೆರಾ ಹುಡುಕುತ್ತಿರುವವರಿಗಾಗಿ ಈ ಎರಡು ಮಾತುಗಳನ್ನೂ ನಾವು ಇಲ್ಲಿ ಬಿಡಿಸಿ ನೋಡಿದ್ದೇವೆ.

ಮೆಗಾಪಿಕ್ಸೆಲ್ ಅಂದರೆ ಏನು?

ಡಿಜಿಟಲ್ ಫೋಟೋ ಎಂದರೆ ಸಣ್ಣ ಸಣ್ಣ ಚುಕ್ಕಿಗಳ ರಂಗೋಲಿ. ಹತ್ತು ಲಕ್ಷ ಚುಕ್ಕಿ ಸೇರಿದರೆ ಒಂದು ಮೆಗಾಪಿಕ್ಸೆಲ್. ಫೋಟೋವನ್ನು ಎಷ್ಟು ದೊಡ್ಡದಾಗಿ ಮುದ್ರಿಸಬಹುದು ಎಂಬುದಕ್ಕೆ ಇದು ಅಳತೆ. ಕತ್ತಲಲ್ಲಿ ಫೋಟೋ ಹೇಗೆ ಬರುತ್ತದೆ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ.

ಮದುವೆ ಆಲ್ಬಮ್‌ಗೆ ಎಷ್ಟು ಬೇಕು? 12×18 ಇಂಚಿನ ಒಂದು ಪುಟದ ತುಂಬ ಒಂದೇ ಫೋಟೋ ಹಾಕುತ್ತೀರಿ ಎಂದುಕೊಳ್ಳಿ. ಇಂಚಿಗೆ 300 ಚುಕ್ಕಿಯಂತೆ ಅಚ್ಚುಕಟ್ಟಾಗಿ ಮುದ್ರಿಸಲು 3600×5400, ಅಂದರೆ ಸುಮಾರು 1.94 ಕೋಟಿ ಚುಕ್ಕಿ ಬೇಕು. ಇದು 20 ಮೆಗಾಪಿಕ್ಸೆಲ್‌ಗಿಂತ ಕಡಿಮೆಯೇ. ಇಂಚಿಗೆ 200 ಚುಕ್ಕಿ ಸಾಕು ಎಂದಾದರೆ 9 ಮೆಗಾಪಿಕ್ಸೆಲ್ ಕೂಡ ಬೇಡ. ಹತ್ತು ವರ್ಷ ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೂ ಇದು ಕಷ್ಟದ ಕೆಲಸವಲ್ಲ.

ಇನ್ನು ಮೊಬೈಲ್‌ನ 108ರ ವಿಷಯ. ಇಂಥ ಅನೇಕ ಫೋನುಗಳು ಸಾಮಾನ್ಯವಾಗಿ ಅಕ್ಕಪಕ್ಕದ ಒಂಬತ್ತು ಚುಕ್ಕಿಗಳನ್ನು ಸೇರಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ ಫೋಟೋವನ್ನೇ ಕೊಡುತ್ತವೆ. ಒಂದೊಂದು ಚುಕ್ಕಿಯೂ ತೀರಾ ಚಿಕ್ಕದು, ಅದರ ಪಾಲಿಗೆ ಬೀಳುವ ಬೆಳಕು ತೀರಾ ಕಡಿಮೆ. ಆದ್ದರಿಂದ ಈ ಉಪಾಯ.

ನಿಜವಾದ ಪ್ರಶ್ನೆ ಬೆಳಕಿನದು

ಛತ್ರದ ಒಳಗೆ ನಮ್ಮ ಕಣ್ಣಿಗೆ ಬೆಳಕು ಧಾರಾಳವಾಗಿ ಕಾಣುತ್ತದೆ. ಕ್ಯಾಮೆರಾಕ್ಕೆ ಹಾಗಲ್ಲ. ಹೊರಗಿನ ಬಿಸಿಲಿಗೆ ಹೋಲಿಸಿದರೆ ಅದು ಕತ್ತಲೆಯೇ. ಮುಹೂರ್ತ ಬೆಳಗಿನ ಜಾವಕ್ಕಿದ್ದರೆ ಕಿಟಕಿಯ ಬೆಳಕೂ ಸಿಗದು.

ಕ್ಯಾಮೆರಾಕ್ಕೆ ಎಷ್ಟು ಬೆಳಕು ಸಿಗುತ್ತದೆ ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಬೆಳಕು ಬೀಳುವ ಸೆನ್ಸರ್ ಎಷ್ಟು ದೊಡ್ಡದು, ಲೆನ್ಸ್‌ನ ಬಾಯಿ ಎಷ್ಟು ಅಗಲ, ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ. ಮಳೆಗೆ ಪಾತ್ರೆ ಇಟ್ಟ ಹಾಗೆ. ಪಾತ್ರೆ ಅಗಲವಿದ್ದಷ್ಟೂ, ಹೆಚ್ಚು ಹೊತ್ತು ಇಟ್ಟಷ್ಟೂ ನೀರು ಹೆಚ್ಚು.

ಮದುವೆಯಲ್ಲಿ ಶಟರನ್ನು ಹೆಚ್ಚು ಹೊತ್ತು ತೆರೆದಿಡುವಂತಿಲ್ಲ. ಅಕ್ಷತೆ ಎರಚುವ ಕೈ, ತಾಳಿ ಕಟ್ಟುವ ಬೆರಳು, ತಿರುಗುವ ಮುಖ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಮೊಬೈಲ್‌ನ ನೈಟ್ ಮೋಡ್ ಒಂದರ ಹಿಂದೊಂದು ಹಲವು ಫೋಟೋ ತೆಗೆದು ಒಟ್ಟುಗೂಡಿಸುತ್ತದೆ. ರಾತ್ರಿ ದೀಪಾಲಂಕಾರ ಮಾಡಿದ ಗೋಪುರಕ್ಕೆ ಅದು ಚೆನ್ನ. ಓಡಾಡುವ ಜನರಿಗೆ ಅದು ಹೊಂದುವುದಿಲ್ಲ, ಮುಖ ಕಲಸಿಹೋಗುತ್ತದೆ.

ಸೆನ್ಸರ್ ಗಾತ್ರ ನೋಡೋಣ. 0.8 ಮೈಕ್ರಾನ್ ಚುಕ್ಕಿಗಳ 108 ಮೆಗಾಪಿಕ್ಸೆಲ್ ಮೊಬೈಲ್ ಸೆನ್ಸರ್‌ನ ಅಳತೆ 9.6×7.2 ಮಿ.ಮೀ., ಹೆಚ್ಚುಕಮ್ಮಿ ಕಿರುಬೆರಳಿನ ಉಗುರಿನಷ್ಟು. ಕಡಿಮೆ ಬೆಲೆಯ ಬಹುತೇಕ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವುದು ಎಪಿಎಸ್-ಸಿ ಎಂಬ ಗಾತ್ರದ ಸೆನ್ಸರ್. ಅದು ಸುಮಾರು 23.5×15.6 ಮಿ.ಮೀ., ಅಂದರೆ ಮೊಬೈಲ್‌ನದಕ್ಕಿಂತ ಐದು ಪಟ್ಟು ದೊಡ್ಡದು.

ಹೊಸ ಕ್ಯಾಮೆರಾ ತಂದರೂ ಫೋಟೋ ಮಂಕು, ಯಾಕೆ?

“ಸಾವಿರಾರು ರೂಪಾಯಿ ಕೊಟ್ಟು ಕ್ಯಾಮೆರಾ ತಂದೆ, ನನ್ನ ಮೊಬೈಲೇ ವಾಸಿ” ಎಂದು ಗೊಣಗುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಾರಣ ಕ್ಯಾಮೆರಾದ ಜೊತೆಗೆ ಪೆಟ್ಟಿಗೆಯಲ್ಲಿ ಬರುವ 18-55 ಲೆನ್ಸ್, ಅಂಗಡಿಯವರು ‘ಕಿಟ್ ಲೆನ್ಸ್’ ಎನ್ನುವುದು.

ಲೆನ್ಸ್ ಮೇಲೆ ಎಫ್/3.5, ಎಫ್/1.8 ಎಂದೆಲ್ಲ ಬರೆದಿರುತ್ತದೆ. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್‌ನ ಬಾಯಿ ಅಗಲ. ಕಿಟ್ ಲೆನ್ಸ್ ಜೂಮ್ ಮಾಡದಿದ್ದಾಗ ಎಫ್/3.5, ಪೂರ್ತಿ ಜೂಮ್ ಮಾಡಿದಾಗ ಎಫ್/5.6. ಅನೇಕ ಮೊಬೈಲ್‌ಗಳ ಮುಖ್ಯ ಲೆನ್ಸ್ ಎಫ್/1.8 ಆಸುಪಾಸಿನದು. ಎಫ್/3.5ಕ್ಕಿಂತ ಎಫ್/1.8 ಸುಮಾರು ನಾಲ್ಕು ಪಟ್ಟು ಹೆಚ್ಚು ಬೆಳಕು ಬಿಡುತ್ತದೆ. ಸೆನ್ಸರ್‌ನಲ್ಲಿ ಐದು ಪಟ್ಟು ಗಳಿಸಿದ್ದನ್ನು ಲೆನ್ಸ್‌ನಲ್ಲಿ ನಾಲ್ಕು ಪಟ್ಟು ಕಳೆದುಕೊಂಡಂತಾಯಿತು. ಅದರ ಮೇಲೆ ಮೊಬೈಲ್‌ನ ಸಾಫ್ಟ್‌ವೇರ್ ಕೈಚಳಕ ಬೇರೆ. ಜೂಮ್ ಮಾಡದೆ ತೆಗೆದ ಫೋಟೋದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣದಿರುವುದು ಸಹಜ.

ಅದೇ ಕ್ಯಾಮೆರಾಕ್ಕೆ ಎಫ್/1.8 ಲೆನ್ಸ್ ಹಾಕಿ ನೋಡಿ. ಪೂರ್ತಿ ಜೂಮ್ ಮಾಡಿದ ಕಿಟ್ ಲೆನ್ಸ್‌ಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಛತ್ರದೊಳಗಿನ ಫೋಟೋ ಬದಲಾಗುವುದು ಇಲ್ಲಿ. ಆದ್ದರಿಂದ ನಾವು ಹೇಳುವುದು ಇಷ್ಟೇ: ದುಡ್ಡು ಕಡಿಮೆ ಇದ್ದಾಗ ಕ್ಯಾಮೆರಾದಲ್ಲಿ ಉಳಿಸಿ, ಲೆನ್ಸ್‌ಗೆ ಹಾಕಿ.

ಕ್ಯಾನನ್ ಮತ್ತು ನಿಕಾನ್ ಎರಡಕ್ಕೂ 50 ಮಿ.ಮೀ. ಎಫ್/1.8 ಲೆನ್ಸ್ ಕಡಿಮೆ ಬೆಲೆಗೆ ಸಿಗುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದು ಮುಖಗಳಿಗೆ, ಮೆಹೆಂದಿ ಹಾಕಿದ ಕೈಗಳಿಗೆ ಹೇಳಿ ಮಾಡಿಸಿದ್ದು. ಜೂಮ್ ಇಲ್ಲದ್ದರಿಂದ ನೀವೇ ಹಿಂದೆ ಮುಂದೆ ನಡೆಯಬೇಕು. ವೇದಿಕೆಯ ಮೇಲೆ ಹದಿನೈದು ಜನ ನಿಂತ ಗ್ರೂಪ್ ಫೋಟೋಗೆ ಕಿಟ್ ಲೆನ್ಸೇ ಸರಿ. ಅದನ್ನೂ ಚೀಲದಲ್ಲಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ನಿಕಾನ್‌ನ ಡಿ3000 ಮತ್ತು ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಅವಕ್ಕೆ ಹಳೆಯ ‘ಎಎಫ್-ಡಿ’ ಲೆನ್ಸ್ ಹಾಕಿದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ‘ಎಎಫ್-ಎಸ್’ ಎಂದು ಬರೆದಿರುವ ಲೆನ್ಸ್ ಕೇಳಿ ಪಡೆಯಿರಿ.

ಎರಡು ಕಾರ್ಡ್ ಇರಲಿ

ಮೆಮೊರಿ ಕಾರ್ಡ್ ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದು. ಪ್ರವಾಸದ ಫೋಟೋ ಹೋದರೆ ಮತ್ತೆ ಹೋಗಿ ಬರಬಹುದು. ಧಾರೆಯ ಫೋಟೋ ಹೋದರೆ ಹೋಯಿತು.

ಕೆಲವು ಕ್ಯಾಮೆರಾಗಳಲ್ಲಿ ಎರಡು ಕಾರ್ಡ್ ಹಾಕಲು ಜಾಗವಿರುತ್ತದೆ, ಪ್ರತಿ ಫೋಟೋ ಎರಡರಲ್ಲೂ ಉಳಿಯುವಂತೆ ಹೊಂದಿಸಬಹುದು. ಹೆಚ್ಚು ಹೊಸದು ಎಂದರೆ ಈ ಸೌಲಭ್ಯ ಇದ್ದೇ ಇರುತ್ತದೆ ಎಂದೇನಿಲ್ಲ. 2015ರಲ್ಲಿ ಬಂದ ನಿಕಾನ್ ಡಿ7200ರಲ್ಲಿ ಎರಡು ಸ್ಲಾಟ್ ಇವೆ, 2017ರ ಡಿ7500ರಲ್ಲಿ ಒಂದೇ. ಡಿ7200ಕ್ಕೆ ಒಳಗೇ ಫೋಕಸ್ ಮೋಟಾರ್ ಕೂಡ ಉಂಟು. ಮದುವೆಗೆಂದೇ ಕ್ಯಾಮೆರಾ ಹುಡುಕುವವರು ಹೊಸ ಆರಂಭಿಕ ಮಾಡೆಲ್‌ಗಿಂತ ಇಂಥ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡುವುದು ಲೇಸು.

ಒಂದೇ ಸ್ಲಾಟ್ ಇರುವ ಕ್ಯಾಮೆರಾ ಈಗಾಗಲೇ ನಿಮ್ಮಲ್ಲಿದ್ದರೆ ಚಿಂತೆ ಬೇಡ. ಒಂದು ದೊಡ್ಡ ಕಾರ್ಡಿನ ಬದಲು ನಾಲ್ಕು ಸಣ್ಣ ಕಾರ್ಡ್ ಇಟ್ಟುಕೊಳ್ಳಿ. ಅರಿಶಿನ ಶಾಸ್ತ್ರಕ್ಕೆ ಒಂದು, ಧಾರೆಗೆ ಒಂದು, ಆರತಕ್ಷತೆಗೆ ಒಂದು, ಇನ್ನೊಂದು ಕೈಯಲ್ಲಿ. ಒಂದು ಕೆಟ್ಟರೂ ಇಡೀ ಮದುವೆ ಹೋಗುವುದಿಲ್ಲ. ನಕಲಿ ಕಾರ್ಡ್‌ಗಳ ಹಾವಳಿ ಇರುವುದರಿಂದ, ಮದುವೆಗೆ ಮೊದಲೇ ಕಾರ್ಡ್ ಪೂರ್ತಿ ತುಂಬಿಸಿ, ಎಲ್ಲ ಫೋಟೋ ತೆರೆಯುತ್ತವೆಯೇ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

* ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಿ. ಡಿ7200ರ ಶಟರ್ 1,50,000 ಸಲಕ್ಕೆ ಪರೀಕ್ಷೆಯಾದದ್ದು. ಅದರ ಹತ್ತಿರ ಬಂದಿದ್ದರೆ ಬೆಲೆ ಇಳಿಯಬೇಕು.
* ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ. ಕಪ್ಪು ಕಲೆ ಕಂಡರೆ ಸೆನ್ಸರ್ ಮೇಲೆ ಧೂಳಿದೆ.
* ಲೆನ್ಸ್ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಅದು ಬೂಸು. ಕರಾವಳಿ, ಮಲೆನಾಡಿನ ತೇವಕ್ಕೆ ಇದು ಬೇಗ ಹಿಡಿಯುತ್ತದೆ. ಅಂಥದ್ದನ್ನು ಬಿಟ್ಟುಬಿಡಿ.
* ಕಾರ್ಡ್ ಸ್ಲಾಟ್, ಫ್ಲ್ಯಾಶ್, ಫೋಕಸ್, ಬ್ಯಾಟರಿ ಎಲ್ಲವನ್ನೂ ನಿಮ್ಮ ಎದುರೇ ಓಡಿಸಿ ನೋಡಿ.
* ಬಿಲ್ ಕೇಳಿ, ಅದರ ಸೀರಿಯಲ್ ನಂಬರ್ ಕ್ಯಾಮೆರಾದ ನಂಬರ್‌ಗೆ ತಾಳೆ ನೋಡಿ. ಕದ್ದ ಮಾಲು ಕೈಗೆ ಬರಬಾರದು.

ಫ್ಲ್ಯಾಶ್ ಮತ್ತು ಎಲ್‌ಇಡಿ ದೀಪ

ಕ್ಯಾಮೆರಾದ ತಲೆಯ ಮೇಲೇ ಇರುವ ಪುಟ್ಟ ಫ್ಲ್ಯಾಶ್ ಮುಖವನ್ನು ಬೆಳ್ಳಗೆ ಸುಣ್ಣ ಬಳಿದಂತೆ ಮಾಡುತ್ತದೆ, ಹಿಂದಿನ ಮಂಟಪ ಕತ್ತಲಾಗುತ್ತದೆ. ತಲೆ ತಿರುಗಿಸಬಹುದಾದ ಪ್ರತ್ಯೇಕ ಫ್ಲ್ಯಾಶ್ ಇದ್ದರೆ ಬೆಳಕನ್ನು ಬಿಳಿ ಸೂರಿಗೆ ಹೊಡೆಸಿ, ಅಲ್ಲಿಂದ ಮೃದುವಾಗಿ ಇಳಿಸಿಕೊಳ್ಳಬಹುದು. ಬಣ್ಣದ ಶಾಮಿಯಾನದ ಕೆಳಗೆ ಈ ಉಪಾಯ ಬೇಡ. ಬಟ್ಟೆಯ ಬಣ್ಣವೇ ಮುಖದ ಮೇಲೂ ಬೀಳುತ್ತದೆ.

ಫ್ಲ್ಯಾಶ್ ಕೊಳ್ಳುವ ಮುಂಚೆ ಅದು ನಿಮ್ಮ ಕ್ಯಾಮೆರಾಕ್ಕೆ ಕೂಡುತ್ತದೆಯೇ ಖಚಿತಪಡಿಸಿಕೊಳ್ಳಿ. ಉದಾಹರಣೆಗೆ ಕ್ಯಾನನ್ 200ಡಿ ಮಾರ್ಕ್ 2ರಲ್ಲಿ ಫ್ಲ್ಯಾಶ್ ಕೂರಿಸುವ ಜಾಗದ ನಡುವಿನ ಸಂಪರ್ಕ ಬಿಂದುವೇ ಇಲ್ಲ. ಬೇರೆ ಕಂಪನಿಗಳ ಅಗ್ಗದ ಫ್ಲ್ಯಾಶ್‌ಗಳು ಅದರಲ್ಲಿ ಬೆಳಗದೇ ಇರಬಹುದು.

ಎಲ್‌ಇಡಿ ದೀಪಗಳ ಕೆಳಗೆ ಫೋಟೋದಲ್ಲಿ ಅಡ್ಡಪಟ್ಟಿ ಬರುವುದಕ್ಕೂ ಕಾರಣವಿದೆ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯದು, ಕ್ಯಾಮೆರಾ ಹಿಡಿಯುತ್ತದೆ. ಪಟ್ಟಿ ಕಂಡಾಗ ಶಟರ್ ವೇಗವನ್ನು 1/100 ಸೆಕೆಂಡಿಗೆ ಇಳಿಸಿ, ಸದ್ದಿಲ್ಲದ ‘ಸೈಲೆಂಟ್’ ಶಟರ್ ಬಂದ್ ಮಾಡಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಕೊಳ್ಳಲೇಬೇಕೆ?

ಈಗ ಎರಡನೇ ಮಾತಿಗೆ ಬರೋಣ. ಫೋಟೋಗ್ರಾಫರ್‌ಗೆ ಕೊಡುವ ದುಡ್ಡಿನಲ್ಲಿ ಕ್ಯಾಮೆರಾ ಬರಬಹುದು, ನಿಜ. ಆದರೆ ವೃತ್ತಿಯವರು ತರುವುದು ಒಂದು ಕ್ಯಾಮೆರಾ ಮಾತ್ರ ಅಲ್ಲ. ಕೆಟ್ಟರೆ ಎಂದು ಇನ್ನೊಂದು ಕ್ಯಾಮೆರಾ, ಹೆಚ್ಚುವರಿ ಬ್ಯಾಟರಿ, ಲೈಟ್ ಹಿಡಿಯುವ ಸಹಾಯಕ, ಎಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಶಾಸ್ತ್ರ ಯಾವುದು, ಎಲ್ಲಿ ನಿಲ್ಲಬೇಕು ಎಂಬ ಅಂದಾಜು. ಜೊತೆಗೆ ಮನೆ ಹುಡುಗನಿಗೆ ಮನೆ ಕೆಲಸವೂ ಇರುತ್ತದೆ. ಧಾರೆಯ ಹೊತ್ತಿಗೆ “ಸ್ವಲ್ಪ ಆ ಕೊಡ ತಗೊಂಡು ಬಾರಪ್ಪ” ಎಂದು ಯಾರಾದರೂ ಕರೆದರೆ ಫೋಟೋ ತೆಗೆಯುವವರು ಯಾರು?

ಫೋಟೋಗ್ರಾಫರ್ ಇದ್ದು, ನೀವು ಕಲಿಯಲು ಜೊತೆಗೆ ತೆಗೆಯುವುದಾದರೆ ಯಾವ ಕ್ಯಾಮೆರಾ ಆದರೂ ಸರಿ. ಖರ್ಚು ಭರಿಸಲಾಗದೆ ನೀವೊಬ್ಬರೇ ತೆಗೆಯಬೇಕಾಗಿದ್ದರೆ, ಒಂದು ಮದುವೆಗಾಗಿ ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಡಿ. ಬೆಂಗಳೂರಿನಂಥ ಊರುಗಳಲ್ಲಿ ಕ್ಯಾಮೆರಾ, ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತವೆ. ಎರಡು ದಿನ ಮೊದಲೇ ತಂದು, ಸಂಜೆ ಮನೆಯೊಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಓಡಾಡುವ ಮಕ್ಕಳ ಫೋಟೋ ತೆಗೆದು ಅಭ್ಯಾಸ ಮಾಡಿ. ಅವು ಸ್ಪಷ್ಟವಾಗಿ ಬಂದರೆ ಮಂಟಪಕ್ಕೆ ನೀವು ಸಿದ್ಧ. ಮದುಮಕ್ಕಳಿಗೂ “ನಾನು ಕಲಿಯುತ್ತಿದ್ದೇನೆ” ಎಂದು ಮೊದಲೇ ಹೇಳಿಬಿಡಿ. ಮೊಬೈಲಿನಲ್ಲೂ ತೆಗೆಯಲು ಇಬ್ಬರು ನೆಂಟರಿಗೆ ಒಪ್ಪಿಸಿ. ಹೊರಾಂಗಣದಲ್ಲಿ, ಹಗಲಿನಲ್ಲಿ ಮೊಬೈಲ್ ಫೋಟೋ ನಿಜಕ್ಕೂ ಚೆನ್ನಾಗಿ ಬರುತ್ತದೆ.

ಮದುವೆ ಮುಗಿದ ರಾತ್ರಿಯೇ ಎಲ್ಲ ಫೋಟೋಗಳನ್ನು ಎರಡು ಕಡೆ ನಕಲು ಮಾಡಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಫೋಟೋ ಕುಗ್ಗಿರುತ್ತದೆ, ಆಲ್ಬಮ್ ಮುದ್ರಣಕ್ಕೆ ಅದನ್ನು ಕೊಡಬೇಡಿ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ.

ನಮ್ಮ ತೀರ್ಮಾನ

‘108 ಮೆಗಾಪಿಕ್ಸೆಲ್ ಇದ್ದರೆ ಸಾಕು’ ಎಂಬುದು ತಪ್ಪು ತಿಳಿವಳಿಕೆ. ‘ದೊಡ್ಡ ಕ್ಯಾಮೆರಾ ಇದ್ದರೆ ಸಾಕು’ ಎಂಬುದೂ ಅಷ್ಟೇ. ಛತ್ರದೊಳಗಿನ ಮದುವೆಗೆ ಬೇಕಾದದ್ದು ಈ ಕ್ರಮದಲ್ಲಿ: ಬೆಳಕು ಬಿಡುವ ಎಫ್/1.8 ಲೆನ್ಸ್, ಒಂದಕ್ಕಿಂತ ಹೆಚ್ಚು ಕಾರ್ಡ್ ಮತ್ತು ಬ್ಯಾಟರಿ, ತಲೆ ತಿರುಗುವ ಫ್ಲ್ಯಾಶ್, ಕೊನೆಗೆ ಕ್ಯಾಮೆರಾ. ಮುಂದಿನ ಸಲ ಗುಂಪಿನಲ್ಲಿ ಮೆಗಾಪಿಕ್ಸೆಲ್ ಸಂದೇಶ ಬಂದಾಗ, ಅದನ್ನು ಮುಂದೆ ಕಳುಹಿಸುವ ಮೊದಲು ಕಳಿಸಿದವರಿಗೆ “ಲೆನ್ಸ್ ಎಷ್ಟು ಎಫ್‌ನದು?” ಎಂದು ಕೇಳಿ ನೋಡಿ.