ಪರೀಕ್ಷೆ ಕನ್ನಡಕ್ಕೆ ಬಂತು, ಇಂಗ್ಲಿಷ್ ಪೇಪರ್ ಎಲ್ಲಿಗೂ ಹೋಗಿಲ್ಲ!

ಇವತ್ತು ರಾಜಕೀಯ ಇಲ್ಲ. ಯಾರ ಕುರ್ಚಿ ಅಲ್ಲಾಡ್ತಿದೆ, ಯಾರು ದೆಹಲಿ ವಿಮಾನ ಹತ್ತಿದರು, ಅದನ್ನೆಲ್ಲ ನಾಳೆ ನೋಡೋಣ. ಇವತ್ತಿನ ವಿಷಯ ಬರೀ 30 ಪ್ರಶ್ನೆ, 20 ನಿಮಿಷ. ಆದರೆ ಈ 20 ನಿಮಿಷದಲ್ಲಿ ನಮ್ಮ ಹಳ್ಳಿ ಮಕ್ಕಳ ಎರಡು ಮೂರು ವರ್ಷದ ಓದು ನೀರು ಪಾಲಾಗ್ತಾ ಇದೆ.

ಫೋನ್ ಇನ್ ಕಾರ್ಯಕ್ರಮಕ್ಕೆ ಒಬ್ಬ ಹುಡುಗ ಕರೆ ಮಾಡಿದ್ದ. ಸಿಂದಗಿ ಕಡೆಯವನು. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದ್ತಾ ಇದ್ದಾನೆ. ಅವನು ಹೇಳಿದ್ದು ಒಂದೇ ಮಾತು: ‘ಗಣಿತ ಆಗ್ತೈತ್ರಿ, ರೀಸನಿಂಗ್ ಆಗ್ತೈತ್ರಿ, ಇಂಗ್ಲಿಷ್ ಒಂದ ಬರಂಗಿಲ್ರಿ ಸರ್. ಪರೀಕ್ಷೆ ಕನ್ನಡದಾಗ ಬಂದೈತಿ ಅಂದ್ರು, ಮತ್ತ ಯಾಕ್ ಫೇಲ್ ಆದ್ನಿ?’

ಒಳ್ಳೆ ಪ್ರಶ್ನೆ. ಉತ್ತರ ಕೊಡಬೇಕು ಅಂದರೆ ಮೊದಲು ಕನ್ನಡಕ್ಕೆ ಬಂದಿದ್ದು ಏನು, ಬರದೇ ಇದ್ದಿದ್ದು ಏನು ಅಂತ ನೋಡಬೇಕು.

2019ರ ಜುಲೈನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಒಂದು ಘೋಷಣೆ ಮಾಡಿದರು. ಗ್ರಾಮೀಣ ಬ್ಯಾಂಕ್‌ಗಳ ಪರೀಕ್ಷೆಯನ್ನು ಇಂಗ್ಲಿಷ್, ಹಿಂದಿ ಜೊತೆಗೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸ್ತೀವಿ ಅಂತ. 2021ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವಾಲಯ ಇದನ್ನೇ 12 ಸರ್ಕಾರಿ ಬ್ಯಾಂಕ್‌ಗಳ ಕ್ಲರ್ಕ್ ಪರೀಕ್ಷೆಗೂ ವಿಸ್ತರಿಸಿತು. ನಾವೆಲ್ಲ ಖುಷಿಪಟ್ಟೆವು. ಖುಷಿ ಪಡಬೇಕಾದ ವಿಷಯವೇ.

ಆದರೆ ಆಗಿದ್ದೇನು? ಗಣಿತದ ಪ್ರಶ್ನೆ ಕನ್ನಡಕ್ಕೆ ಬಂತು, ರೀಸನಿಂಗ್ ಪ್ರಶ್ನೆ ಕನ್ನಡಕ್ಕೆ ಬಂತು. ಇಂಗ್ಲಿಷ್ ಭಾಷೆಯ ಪ್ರಶ್ನೆ ಇಂಗ್ಲಿಷ್‌ನಲ್ಲೇ ಉಳೀತು. ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆ, ಅದರಲ್ಲಿ 30 ಇಂಗ್ಲಿಷ್. ಮೇನ್ಸ್‌ನಲ್ಲೂ ಇಂಗ್ಲಿಷ್ ಪೇಪರ್ ಇದೆ. ಇನ್ನು ಪಿಒ, ಅಂದರೆ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ಕನ್ನಡ ಇಲ್ಲವೇ ಇಲ್ಲ. ಗ್ರಾಮೀಣ ಬ್ಯಾಂಕ್ ಪ್ರಿಲಿಮ್ಸ್‌ನಲ್ಲಿ ಮಾತ್ರ ಇಂಗ್ಲಿಷ್ ಭಾಷೆಯ ಪೇಪರ್ ಇಲ್ಲ. ಆದರೆ ಅದರ ಮೇನ್ಸ್‌ಗೆ ಹೋದರೆ ಇಂಗ್ಲಿಷ್ ಅಥವಾ ಹಿಂದಿ, ಎರಡರಲ್ಲಿ ಒಂದನ್ನು ಬರೀಲೇಬೇಕು. ಕನ್ನಡ ಭಾಷೆಯ ಪೇಪರ್ ಅನ್ನೋ ಆಯ್ಕೆ ಅಲ್ಲಿ ಇಲ್ಲ.

ಎರಡನೇ ಗುಟ್ಟು ಇನ್ನೂ ಮುಖ್ಯ. ಕ್ಲರ್ಕ್ ಆಗಲಿ, ಪಿಒ ಆಗಲಿ, ಐಬಿಪಿಎಸ್ ಪ್ರಿಲಿಮ್ಸ್‌ನಲ್ಲಿ ಮೂರೂ ವಿಭಾಗಕ್ಕೆ ಬೇರೆ ಬೇರೆ ಕಟಾಫ್ ಇದೆ, ಬೇರೆ ಬೇರೆ ಟೈಮ್ ಇದೆ. ಇಂಗ್ಲಿಷ್‌ನ 20 ನಿಮಿಷ ಮುಗಿದರೆ ಆ ಬಾಗಿಲು ಮುಚ್ಚಿತು. ಗಣಿತದಲ್ಲಿ ನಿಮಿಷ ಉಳಿಸಿ ಇಲ್ಲಿ ಖರ್ಚು ಮಾಡೋ ಹಾಗಿಲ್ಲ. ಗಣಿತದ ಅಂಕ ಇಂಗ್ಲಿಷ್ ಅನ್ನು ಕಾಪಾಡೋದೂ ಇಲ್ಲ. ಮೂರರಲ್ಲಿ ಒಂದರಲ್ಲಿ ಕಾಲು ಜಾರಿದರೂ ಮನೆಗೆ. ಸಿಂದಗಿ ಹುಡುಗನಿಗೆ ಆಗಿದ್ದು ಇದೇ.

ಕೆನರಾ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ ಮಂಗಳೂರಿನಲ್ಲಿ. ಸಿಂಡಿಕೇಟ್ 1925ರಲ್ಲಿ ಉಡುಪಿಯಲ್ಲಿ. ವಿಜಯಾ 1931ರಲ್ಲಿ ಮತ್ತೆ ಮಂಗಳೂರಿನಲ್ಲಿ. ಇಂಥ ನಾಡಿನ ಹುಡುಗ, ಕನ್ನಡದಲ್ಲೇ ಮಾತಾಡುವ ಗ್ರಾಹಕರ ಎದುರು ಕೌಂಟರ್‌ನಲ್ಲಿ ಕೂರೋಕೆ, ಮೊದಲು ಇಂಗ್ಲಿಷ್ ಪೇಪರ್ ದಾಟಬೇಕು. ಇದು ನ್ಯಾಯನಾ? ಕೇಳೋದು ನಮ್ಮ ಕೆಲಸ, ಕೇಳ್ತಾನೇ ಇರ್ತೀವಿ. ಆದರೆ ನಾವು ಇಲ್ಲಿ ಸ್ಟುಡಿಯೋದಲ್ಲಿ ಕೂಗಾಡಿದ ಮಾತ್ರಕ್ಕೆ ಬರೋ ತಿಂಗಳ ಪರೀಕ್ಷೆಯ ನಿಯಮ ಬದಲಾಗಲ್ಲ. ಹಾಗಾಗಿ ಇವತ್ತು ಕೂಗಾಟ ಬೇಡ, ದಾಟೋದು ಹೇಗೆ ಅಂತ ನೋಡೋಣ.

ನನ್ನದೇ ಕಥೆ ಹೇಳ್ತೀನಿ. ಹತ್ತನೇ ಕ್ಲಾಸ್‌ವರೆಗೆ ನಾನು ಕನ್ನಡ ಮೀಡಿಯಂ. ಆಮೇಲೆ ಇಂಜಿನಿಯರಿಂಗ್. ನಾಲ್ಕು ವರ್ಷ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ ಓದಿ ಪಾಸಾದೆ. ಕ್ಯಾಂಪಸ್‌ನಲ್ಲಿ ಕೆಲಸ ಸಿಗಲಿಲ್ಲ, ಬ್ಯಾಂಕ್ ಪರೀಕ್ಷೆ ಕಟ್ಟಿದೆ. ಎಲ್ಲದರಲ್ಲೂ ಬಚಾವಾಗಿ ಇಂಗ್ಲಿಷ್‌ನಲ್ಲಿ ಬಿದ್ದೆ! ಆಮೇಲೆ ನಾನು ಮಾಡಿದ ದೊಡ್ಡ ತಪ್ಪು ಏನು ಗೊತ್ತಾ? ‘ನಂಗೆ ಇಂಗ್ಲಿಷ್ ಬರಲ್ಲ’ ಅಂತ ತೀರ್ಮಾನ ಮಾಡಿದ್ದು.

ಕಾಲೇಜಿನ ಲ್ಯಾಬ್‌ನಲ್ಲಿ ಪ್ರೋಗ್ರಾಂ ಓಡದೇ ಇದ್ದಾಗ ‘ಕಂಪ್ಯೂಟರ್ ಸರಿ ಇಲ್ಲ ಸರ್’ ಅಂದರೆ ಮೇಷ್ಟ್ರು ಬೈತಿದ್ದರು. ಯಾವ ಲೈನ್‌ನಲ್ಲಿ ಎರರ್ ಇದೆ ಅದನ್ನು ಹೇಳು ಅಂತಿದ್ದರು. ಇಲ್ಲೂ ಅಷ್ಟೇ. ‘ಇಂಗ್ಲಿಷ್ ಬರಲ್ಲ’ ಅನ್ನೋದು ರೋಗದ ಹೆಸರಲ್ಲ. ಏನು ಬರಲ್ಲ? ಯಾವ ಪ್ರಶ್ನೆಯಲ್ಲಿ ಎಡವಿದಿರಿ? ಅದನ್ನು ಹುಡುಕಿದರೆ ಆಶ್ಚರ್ಯ ಆಗುತ್ತೆ. ಕನ್ನಡಿಗರು ಮಾಡೋ ತಪ್ಪು ಸಾವಿರ ಇಲ್ಲ, ಐದಾರು ಜಾಗದಲ್ಲಿ ಮತ್ತೆ ಮತ್ತೆ ಅದೇ ತಪ್ಪು. ಅದೂ ಕನ್ನಡ ಚೆನ್ನಾಗಿ ಬರುತ್ತೆ ಅನ್ನೋ ಕಾರಣಕ್ಕೇ ಆಗೋ ತಪ್ಪು! ಒಂದೊಂದಾಗಿ ನೋಡಿ.

ಮೊದಲನೆಯದು, ವಿಭಕ್ತಿಯ ಕಾಟ. ಕನ್ನಡದಲ್ಲಿ ‘ಒಂದು ವಿಷಯದ ಬಗ್ಗೆ ಚರ್ಚೆ ಮಾಡ್ತೀವಿ’. ಅದಕ್ಕೇ ನಮ್ಮ ಬಾಯಲ್ಲಿ ‘ಡಿಸ್ಕಸ್ ಅಬೌಟ್’ ಅಂತ ಬರುತ್ತೆ. ತಪ್ಪು. ‘ಡಿಸ್ಕಸ್ ದ ಇಶ್ಯೂ’, ಅಷ್ಟೇ. ಕನ್ನಡದಲ್ಲಿ ‘ಅವರ ಜೊತೆ ಮದುವೆ’, ಅದಕ್ಕೆ ‘ಮ್ಯಾರೀಡ್ ವಿತ್’ ಅಂತೀವಿ. ಸರಿಯಾದದ್ದು ‘ಮ್ಯಾರೀಡ್ ಟು’. ‘ನನಗಿಂತ ಸೀನಿಯರ್’ ಅನ್ನೋದನ್ನು ‘ಸೀನಿಯರ್ ದ್ಯಾನ್ ಮಿ’ ಮಾಡ್ತೀವಿ. ಬೇಕಾದದ್ದು ‘ಸೀನಿಯರ್ ಟು ಮಿ’. ವಾಕ್ಯದಲ್ಲಿ ತಪ್ಪು ಹುಡುಕಿ ಅನ್ನೋ ಪ್ರಶ್ನೆಗಳಿಗೆ ಇಂಥ ಜಾಗಗಳೇ ಆಹಾರ. ಕನ್ನಡದಿಂದ ಅನುವಾದ ಮಾಡಿದಾಗ ಯಾವುದು ಸರಿ ಅನಿಸುತ್ತೋ, ಅಲ್ಲೇ ಒಂದು ಸೆಕೆಂಡ್ ನಿಲ್ಲಿ.

ಎರಡನೆಯದು, ಕಾಲ. ‘ಐದು ವರ್ಷದಿಂದ ಇಲ್ಲೇ ಕೆಲಸ ಮಾಡ್ತಾ ಇದ್ದೀನಿ’. ಕನ್ನಡದಲ್ಲಿ ಸೊಗಸಾದ ವಾಕ್ಯ. ಇಂಗ್ಲಿಷ್‌ಗೆ ತಂದಾಗ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’. ಒಂದೇ ವಾಕ್ಯದಲ್ಲಿ ಎರಡು ತಪ್ಪು! ಹಿಂದೆ ಶುರುವಾಗಿ ಇನ್ನೂ ನಡೀತಿರೋ ಕೆಲಸಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಇನ್ನು ನಮ್ಮ ‘ಇಂದ’ ಒಂದೇ, ಅವರಲ್ಲಿ ಎರಡು. ಶುರುವಾದ ದಿನ ಹೇಳಿದರೆ ‘ಸಿನ್ಸ್’: ಸಿನ್ಸ್ 2019. ಎಷ್ಟು ಕಾಲ ಅಂತ ಹೇಳಿದರೆ ‘ಫಾರ್’: ಫಾರ್ ಫೈವ್ ಇಯರ್ಸ್.

ಮೂರನೆಯದರಲ್ಲಿ ಕನ್ನಡವೇ ಕೈ ಹಿಡಿಯುತ್ತೆ. ಕರ್ತೃ ಏಕವಚನ ಆದರೆ ಕ್ರಿಯಾಪದವೂ ಏಕವಚನ. ‘ಹುಡುಗರಲ್ಲಿ ಒಬ್ಬ ಬಂದ’ ಅಂತೀವಿ, ‘ಹುಡುಗರಲ್ಲಿ ಒಬ್ಬ ಬಂದರು’ ಅಂತ ಯಾರಾದರೂ ಅಂತೀವಾ? ಹಾಗಿದ್ದ ಮೇಲೆ ‘ಒನ್ ಆಫ್ ದ ಬಾಯ್ಸ್ ಹ್ಯಾವ್ ಕಮ್’ ಅಂತ ಇದ್ದರೆ ಕಣ್ಣು ಕುಕ್ಕಬೇಕು. ‘ಹ್ಯಾಸ್’ ಬರಬೇಕು. ‘ಅಭ್ಯರ್ಥಿಗಳ ಪಟ್ಟಿ’ ಬಂದರೆ ಬಂದಿದ್ದು ಪಟ್ಟಿ, ಅಭ್ಯರ್ಥಿಗಳಲ್ಲ. ಹಾಗಾಗಿ ‘ದ ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ ಹ್ಯಾಸ್’. ಪ್ರಶ್ನೆ ಮಾಡೋರು ಬೇಕಂತಲೇ ಕ್ರಿಯಾಪದದ ಪಕ್ಕ ಬಹುವಚನ ತಂದು ಕೂರಿಸ್ತಾರೆ. ಪಕ್ಕದವರನ್ನು ನೋಡಬೇಡಿ, ಯಜಮಾನ ಯಾರು ಅಂತ ನೋಡಿ.

ನಾಲ್ಕನೆಯದು ‘ಎ’ ಮತ್ತು ‘ಆನ್’. ಇದನ್ನು ನಿರ್ಧಾರ ಮಾಡೋದು ಅಕ್ಷರ ಅಲ್ಲ, ಉಚ್ಚಾರಣೆ. ಇಲ್ಲಿ ಕನ್ನಡಿಗರಿಗೆ ಒಂದು ಲಾಭ ಇದೆ. ನಮ್ಮ ಲಿಪಿ ಉಚ್ಚಾರಣೆಯನ್ನೇ ಬರೆಯುತ್ತೆ. ಪದವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಸ್ವರದಿಂದ ಶುರುವಾದರೆ ‘ಆನ್’, ವ್ಯಂಜನದಿಂದ ಶುರುವಾದರೆ ‘ಎ’. ಗಂಟೆ ಅನ್ನೋ ಅರ್ಥದ ‘ಅವರ್’ ಇಂಗ್ಲಿಷ್‌ನಲ್ಲಿ ಎಚ್ ಅಕ್ಷರದಿಂದ ಶುರುವಾದರೂ ಕನ್ನಡದಲ್ಲಿ ‘ಅ’. ಆನ್ ಅವರ್. ‘ಯೂನಿವರ್ಸಿಟಿ’ ಅಲ್ಲಿ ಯು, ನಮ್ಮಲ್ಲಿ ‘ಯ’ಕಾರ. ಎ ಯೂನಿವರ್ಸಿಟಿ. ಶಾಸಕರಾಗಿದ್ದಾಗ ‘ಆನ್ ಎಂಎಲ್‌ಎ’, ಸಚಿವರಾದ ಮೇಲೆ ‘ಎ ಮಿನಿಸ್ಟರ್’! ಒಂದೇ ಎಚ್ಚರ: ನಾವು ‘ಒನ್’ ಅಂತ ಬರೆದರೂ ಅದರ ನಿಜವಾದ ಉಚ್ಚಾರಣೆ ‘ವನ್’. ಹಾಗಾಗಿ ‘ಎ ಒನ್ ರುಪಿ ನೋಟ್’.

ಐದನೆಯದು, ಚೆಲ್ಲಾಪಿಲ್ಲಿ ವಾಕ್ಯಗಳನ್ನು ಜೋಡಿಸೋದು. ಇದು ನಾವು ನ್ಯೂಸ್‌ರೂಮ್‌ನಲ್ಲಿ ದಿನಾ ಮಾಡೋ ಕೆಲಸ. ಸುದ್ದಿಯ ಮೊದಲ ಸಾಲಿನಲ್ಲಿ ‘ಅವರು ಹೇಳಿದರು’ ಅಂತ ಬರೆದರೆ ಎಡಿಟರ್ ಕೇಳ್ತಾರೆ, ಯಾವ ಅವರು? ಮೊದಲು ಹೆಸರು ಬರಬೇಕು, ಆಮೇಲೆ ‘ಅವರು’. ಇಲ್ಲೂ ಹಾಗೇ. ‘ಹಿ’, ‘ದಿಸ್’, ‘ಸಚ್’, ‘ಹೌಎವರ್’ ಅಂತ ಶುರುವಾಗೋ ವಾಕ್ಯ ಸಾಮಾನ್ಯವಾಗಿ ಮೊದಲ ವಾಕ್ಯ ಆಗಲ್ಲ. ಅದಕ್ಕೊಬ್ಬ ಅಣ್ಣ ಇರ್ತಾನೆ, ಹುಡುಕಿ ಹಿಂದೆ ನಿಲ್ಲಿಸಿ. ಇಂಥ ಎರಡು ಜೋಡಿ ಸಿಕ್ಕರೆ ಆಯ್ಕೆಗಳು ತಾವಾಗಿ ಉದುರುತ್ತವೆ.

ಆರನೆಯದು, ಗದ್ಯಭಾಗ ಓದಿ ಉತ್ತರಿಸೋದು. ಇಲ್ಲಿ ಬುದ್ಧಿವಂತರೇ ಹೆಚ್ಚು ಬೀಳ್ತಾರೆ. ಯಾಕೆ? ತಮಗೆ ಗೊತ್ತಿರೋದನ್ನು ಬರೀತಾರೆ. ಪ್ಯಾಸೇಜ್ ಬಡ್ಡಿದರದ ಬಗ್ಗೆ ಇದ್ದರೆ ಟಿವಿಯಲ್ಲಿ ನೋಡಿದ್ದು ನೆನಪಾಗುತ್ತೆ. ನೆನಪಾಗಿದ್ದು ನಿಜವೇ ಇರಬಹುದು, ಆದರೆ ಕೇಳಿದ್ದು ಅದಲ್ಲ. ಲೇಖಕ ಏನು ಹೇಳಿದ್ದಾನೆ, ಅಷ್ಟೇ ಪ್ರಶ್ನೆ. ಉತ್ತರ ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸೋಕೆ ಆಗದಿದ್ದರೆ ಆ ಉತ್ತರವನ್ನು ನಂಬಬೇಡಿ. ಆಯ್ಕೆಯಲ್ಲಿ ‘ಓನ್ಲಿ’, ‘ಆಲ್ವೇಸ್’, ‘ನೆವರ್’ ಥರದ ಗಟ್ಟಿ ಪದ ಕಂಡರೆ, ಪ್ಯಾಸೇಜ್‌ನಲ್ಲೂ ಲೇಖಕ ಅಷ್ಟೇ ಗಟ್ಟಿಯಾಗಿ ಹೇಳಿದ್ದಾನಾ ಅಂತ ನೋಡಿ.

ಈಗ ಸ್ವಲ್ಪ ಲೆಕ್ಕ. 20 ನಿಮಿಷ ಅಂದರೆ 1200 ಸೆಕೆಂಡ್. 30 ಪ್ರಶ್ನೆಗೆ ಹಂಚಿದರೆ ತಲಾ 40 ಸೆಕೆಂಡ್. ಒಂದೇ ಪ್ರಶ್ನೆಗೆ ಎರಡು ನಿಮಿಷ ತಿಂದರೆ ಮೂರು ಪ್ರಶ್ನೆಯ ಟೈಮ್ ಹೋಯ್ತು. ತಪ್ಪು ಉತ್ತರಕ್ಕೆ 0.25 ಅಂಕ ಕಟ್. ಐದು ಆಯ್ಕೆ ಇರೋ ಪ್ರಶ್ನೆಗೆ ಕಣ್ಣುಮುಚ್ಚಿ ಟಿಕ್ ಮಾಡ್ತಾ ಹೋದರೆ ಏನಾಗುತ್ತೆ? ಐದರಲ್ಲಿ ಒಂದು ಸರಿ, ಪ್ಲಸ್ 1. ನಾಲ್ಕು ತಪ್ಪು, ಮೈನಸ್ 1. ಒಟ್ಟು ಸೊನ್ನೆ. ಅದೃಷ್ಟ ಪರೀಕ್ಷೆಯಿಂದ ಸರಾಸರಿ ಲಾಭ ಏನೂ ಇಲ್ಲ. ಆದರೆ ಎರಡು ಆಯ್ಕೆ ತಪ್ಪು ಅಂತ ಖಚಿತವಾಗಿ ಹೊಡೆದುಹಾಕಿದರೆ ಲೆಕ್ಕ ಬದಲಾಗುತ್ತೆ. ಅಂಥ ಮೂರು ಪ್ರಶ್ನೆಯಲ್ಲಿ ಸರಾಸರಿ ಒಂದು ಸರಿ, ಎರಡು ತಪ್ಪು. ಒಂದರಲ್ಲಿ ಅರ್ಧ ಕಳೆದು ಅರ್ಧ ಅಂಕ ಉಳಿಯುತ್ತೆ. ಹಾಗಾಗಿ ನಿಯಮ ಸರಳ: ಏನೂ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ, ಎರಡು ಆಯ್ಕೆ ಹೊಡೆಯೋಕೆ ಆದರೆ ಧೈರ್ಯ ಮಾಡಿ.

ಕೊನೆಯದಾಗಿ, ಪ್ರಾಕ್ಟೀಸ್ ಹೇಗೆ? ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಹುಡುಗರು ದಿನಕ್ಕೆ ಮೂರು ಮೂರು ಮಾಕ್ ಟೆಸ್ಟ್ ಬರೀತಾರೆ. ಸ್ಕೋರ್ ನೋಡ್ತಾರೆ, ನಿಟ್ಟುಸಿರು ಬಿಡ್ತಾರೆ, ಮುಂದಿನದಕ್ಕೆ ಹೋಗ್ತಾರೆ. ಇದು ಪ್ರಾಕ್ಟೀಸ್ ಅಲ್ಲ, ದಿನಾ ತೂಕದ ಮಷೀನ್ ಮೇಲೆ ನಿಂತು ಸಣ್ಣಗಾಗ್ತೀನಿ ಅಂದ ಹಾಗೆ.

ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಅದರ ಹೆಸರು ತಪ್ಪಿನ ಪುಸ್ತಕ. ದಿನಕ್ಕೆ ಒಂದೇ ಟೆಸ್ಟ್, ಮೊಬೈಲ್‌ನಲ್ಲಿ 20 ನಿಮಿಷದ ಅಲಾರಂ ಇಟ್ಟು ಬರೀರಿ. ಆಮೇಲೆ 40 ನಿಮಿಷ ತಪ್ಪಾದ ಪ್ರಶ್ನೆಗಳ ಜೊತೆ ಕೂತ್ಕೊಳ್ಳಿ. ಪುಟದಲ್ಲಿ ಮೂರು ಕಾಲಂ ಹಾಕಿ. ಪ್ರಶ್ನೆ ಏನು, ನಾನು ಯಾಕೆ ಆ ಉತ್ತರ ಆರಿಸಿದೆ, ಸರಿ ಉತ್ತರ ಯಾಕೆ ಸರಿ. ಕಾರಣವನ್ನು ಕನ್ನಡದಲ್ಲೇ ಬರೀರಿ, ನಾಚಿಕೆ ಬೇಡ. ಊಹಿಸಿ ಸರಿಯಾದ ಪ್ರಶ್ನೆಯನ್ನೂ ಸೇರಿಸಿ, ಅದೂ ಗೊತ್ತಿಲ್ಲದ್ದೇ. ಭಾನುವಾರ ಟೆಸ್ಟ್ ಬೇಡ, ಆ ಪುಸ್ತಕ ಮಾತ್ರ ಓದಿ. ಒಂದು ತಿಂಗಳಲ್ಲಿ ಒಂದೇ ಥರದ ತಪ್ಪು ಎಷ್ಟು ಸಲ ಬಂದಿದೆ ಅಂತ ಕಣ್ಣಿಗೆ ಹೊಡೆಯುತ್ತೆ. ಜೊತೆಗೆ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಜೋರಾಗಿ ಓದಿ. ಹೊಸ ಪದ ಸಿಕ್ಕರೆ ಬರೀ ಅರ್ಥ ಬರ್ಕೋಬೇಡಿ, ಅದು ಬಂದ ವಾಕ್ಯವನ್ನೂ ಬರ್ಕೊಳ್ಳಿ. ಬಿಟ್ಟ ಸ್ಥಳ ತುಂಬುವಾಗ ನೆನಪಿಗೆ ಬರೋದು ಅರ್ಥ ಅಲ್ಲ, ವಾಕ್ಯ.

ಸಿಂದಗಿಯ ತಮ್ಮನಿಗೆ ಅವತ್ತು ಫೋನ್‌ನಲ್ಲಿ ಇಷ್ಟೆಲ್ಲ ಹೇಳೋಕೆ ಟೈಮ್ ಇರಲಿಲ್ಲ, ಬ್ರೇಕ್ ಬಂದಿತ್ತು. ಅದಕ್ಕೇ ಈಗ ಹೇಳ್ತಿದ್ದೀನಿ. ತಮ್ಮಾ, ‘ಇಂಗ್ಲಿಷ್ ಬರಂಗಿಲ್ಲ’ ಅಂತ ಇನ್ನೊಮ್ಮೆ ಹೇಳಬೇಡ. ಯಾವುದು ಬರಲ್ಲ ಅಂತ ಬರೆದು ಇಟ್ಕೋ. ಆ ಪಟ್ಟಿ ನೀನು ಅಂದುಕೊಂಡಷ್ಟು ಉದ್ದ ಇಲ್ಲ.